ಹಾಲಿನ ಕ್ಯಾರಮೆಲ್: ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಮನೆಗಳಲ್ಲಿ

ಹಾಲಿನ ಕ್ಯಾರಮೆಲ್ ಎಂದರೆ ಹಾಲು ಮತ್ತು ಸಕ್ಕರೆಯನ್ನು ಸಣ್ಣ ಉರಿಯಲ್ಲಿ ಬಹಳ ಹೊತ್ತು ಕಾಯಿಸಿ, ನೀರಿನಂಶ ಇಂಗಿಸಿ, ಕಂದು ಬಣ್ಣಕ್ಕೆ ತಂದ ಮಂದವಾದ ಸಿಹಿ. ಸೌಟಿನಿಂದ ಸುರಿಯುವಷ್ಟು ತೆಳ್ಳಗಿದ್ದರೆ ಸಾಸ್ ಆಗುತ್ತದೆ, ಬ್ರೆಡ್ಡಿಗೆ ಬಳಿಯುವಷ್ಟು ಗಟ್ಟಿಯಾದರೆ ಜಾಮಿನಂತೆ ಬಳಕೆಯಾಗುತ್ತದೆ. ಲ್ಯಾಟಿನ್ ಅಮೆರಿಕದಲ್ಲಿ ಇದಕ್ಕೆ ಡುಲ್ಸೆ ದೆ ಲೆಚೆ ಎಂಬ ಹೆಸರು ಪ್ರಸಿದ್ಧ. ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿ ಮೆಕ್ಸಿಕೊ, ಮಧ್ಯ ಅಮೆರಿಕ, ಅರ್ಜೆಂಟೀನಾ, ಫಿಲಿಪೀನ್ಸ್ ಮತ್ತು ಭಾರತ ಮೂಲದ ಕುಟುಂಬಗಳು ಅಕ್ಕಪಕ್ಕದಲ್ಲಿ ಬಾಳುತ್ತಿವೆ. ಹಾಲು ಕಾಯಿಸಿ ಸಿಹಿ ಮಾಡುವ ಹಲವು ಪದ್ಧತಿಗಳು ಹೀಗೆ ಒಂದೇ ಊರಿನಲ್ಲಿ ನೆಲೆಯೂರಿವೆ. ಧಾರವಾಡ ಪೇಡೆಯನ್ನೂ ಬೆಳಗಾವಿ ಕುಂದವನ್ನೂ ಬಲ್ಲ ಕನ್ನಡಿಗರಿಗೆ ಈ ಪಾಕದ ಬಣ್ಣ ಹೊಸತಲ್ಲ, ಪರಿಮಳವೂ ಹೊಸತಲ್ಲ. ಆ ಸಿಹಿಗಳಿಗೂ ಇದಕ್ಕೂ ಇರುವುದು ಹತ್ತಿರದ ನಂಟು.

ಹೆಸರುಗಳು

ಸ್ಪ್ಯಾನಿಷ್ ಭಾಷೆಯಲ್ಲಿ ಡುಲ್ಸೆ ದೆ ಲೆಚೆ ಎಂದರೆ ಹಾಲಿನ ಸಿಹಿ. ಅರ್ಜೆಂಟೀನಾ ಮತ್ತು ಉರುಗ್ವೆಗಳಲ್ಲಿ ಈ ಹೆಸರೇ ರೂಢಿ. ಚಿಲಿಯಲ್ಲಿ ಮಂಹಾರ್, ಕೊಲಂಬಿಯಾದಲ್ಲಿ ಅರೆಕಿಪೆ, ಪೋರ್ಚುಗೀಸ್ ಆಡುವ ಬ್ರೆಜಿಲ್‌ನಲ್ಲಿ ದೋಸಿ ದಿ ಲೇಯ್ಚಿ ಎನ್ನುತ್ತಾರೆ. ಮೆಕ್ಸಿಕೊದಲ್ಲಿ ಆಡಿನ ಹಾಲಿನಿಂದ, ಅಥವಾ ಆಡು ಮತ್ತು ಹಸುವಿನ ಹಾಲನ್ನು ಬೆರೆಸಿ ಮಾಡುವ ಬಗೆಗೆ ಕಹೇತಾ ಎಂದು ಹೆಸರು. ಗುವಾನಾಹುವಾತೊ ರಾಜ್ಯದ ಸೆಲಾಯಾ ಪಟ್ಟಣ ಕಹೇತಾಗೆ ಹೆಸರುವಾಸಿ. ಹಿಂದೆ ಇದನ್ನು ತುಂಬಿ ಮಾರುತ್ತಿದ್ದ ಮರದ ಪುಟ್ಟ ಪೆಟ್ಟಿಗೆಗಳಿಂದ ಈ ಹೆಸರು ಬಂದಿತೆಂಬುದು ರೂಢಿಯ ವಿವರಣೆ. ಫ್ರಾನ್ಸಿನ ನಾರ್ಮಂಡಿಯಲ್ಲಿ ಇದೇ ಬಗೆಯ ಪಾಕವನ್ನು ಹಾಲಿನ ಜಾಮ್ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ.

ಕ್ಯಾರಮೆಲ್ ಎಂಬ ಮಾತು ಇಲ್ಲಿ ಬಣ್ಣ ಮತ್ತು ರುಚಿಯ ಹೋಲಿಕೆಯಿಂದ ಬಂದದ್ದು. ನಿಜವಾದ ಕ್ಯಾರಮೆಲ್ ಬರಿಯ ಸಕ್ಕರೆಯನ್ನು ಕೆಂಪಗೆ ಕಾಯಿಸಿ ಮಾಡುವಂಥದು. ಹಾಲಿನ ಕ್ಯಾರಮೆಲ್‌ನಲ್ಲಿ ಬಣ್ಣ ಹುಟ್ಟುವ ಬಗೆಯೇ ಬೇರೆ. ಅದರ ವಿವರ ಮುಂದೆ ಬರುತ್ತದೆ.

ಇತಿಹಾಸ

ಅರ್ಜೆಂಟೀನಾದಲ್ಲಿ ಪ್ರಚಲಿತವಾದ ಐತಿಹ್ಯ 1829ರದು. ಬ್ಯೂನಸ್ ಐರಿಸ್ ಬಳಿಯ ಕಾನ್ಯುವೆಲಾಸ್‌ನಲ್ಲಿ ಎದುರಾಳಿ ನಾಯಕರಾದ ಹುವಾನ್ ಮಾನ್ವೆಲ್ ದೆ ರೋಸಾಸ್ ಮತ್ತು ಹುವಾನ್ ಲವಾಲ್ಯೆ ಸಂಧಾನಕ್ಕೆ ಸೇರಬೇಕಿತ್ತು. ಮೊದಲೇ ಬಂದ ಲವಾಲ್ಯೆ ದಣಿದು ರೋಸಾಸ್‌ನ ಮಂಚದ ಮೇಲೆ ಮಲಗಿಬಿಟ್ಟ. ಒಲೆಯ ಮೇಲೆ ಸಕ್ಕರೆ ಹಾಕಿದ ಹಾಲು ಕಾಯಿಸುತ್ತಿದ್ದ ಸೇವಕಿ, ಒಡೆಯನ ಮಂಚದ ಮೇಲೆ ವೈರಿಯನ್ನು ಕಂಡು ಗಾಬರಿಯಿಂದ ಕಾವಲಿನವರನ್ನು ಕರೆಯಲು ಓಡಿದಳು. ಹಿಂತಿರುಗಿ ಬರುವಷ್ಟರಲ್ಲಿ ಹಾಲು ಇಂಗಿ ಕಂದಾಗಿತ್ತು. ಇತಿಹಾಸಕಾರರು ಇದನ್ನು ಕಟ್ಟುಕಥೆಯೆಂದೇ ಎಣಿಸುತ್ತಾರೆ. ಹಾಲು ಮತ್ತು ಸಕ್ಕರೆ ಎರಡೂ ಸಿಗುವ ಊರಿನಲ್ಲಿ ಇಂಥ ಪಾಕ ಯಾವ ಒಲೆಯ ಮೇಲಾದರೂ ಹುಟ್ಟಬಹುದು. ಹಾಗೆ ಹಲವೆಡೆ ಹುಟ್ಟಿಯೂ ಇದೆ. ಅಮೆರಿಕ ಖಂಡಗಳಿಗೆ ಹಸು, ಆಡು, ಕಬ್ಬು ಮೂರನ್ನೂ ತಂದವರು ಯುರೋಪಿನವರು. ಆದ್ದರಿಂದ ಅಲ್ಲಿ ಈ ಸಿಹಿ ವಸಾಹತು ಕಾಲಕ್ಕಿಂತ ಹಿಂದಿನದಾಗಲಾರದು.

ಸಕ್ಕರೆ ಬೆರೆಸಿದ ಗಟ್ಟಿ ಹಾಲನ್ನು ಡಬ್ಬಿಗೆ ತುಂಬುವ ಉದ್ಯಮಕ್ಕೆ ದಾರಿ ಮಾಡಿಕೊಟ್ಟವನು ಅಮೆರಿಕದ ಗೇಲ್ ಬೋರ್ಡನ್. ಅವನಿಗೆ 1856ರಲ್ಲಿ ಪೇಟೆಂಟ್ ದೊರೆಯಿತು. ಈ ಕಂಡೆನ್ಸ್ಡ್ ಮಿಲ್ಕ್ ಅಡುಗೆಮನೆಗೆ ಬಂದ ಮೇಲೆ ಅರ್ಧ ಕೆಲಸ ಕಾರ್ಖಾನೆಯಲ್ಲೇ ಮುಗಿದಿರುತ್ತಿತ್ತು. ಕಂದು ಬಣ್ಣ ತರಿಸುವುದಷ್ಟೇ ಮನೆಯವರ ಪಾಲಿಗೆ ಉಳಿಯಿತು. ಕರ್ನಾಟಕದ ಮನೆಗಳಲ್ಲಿ ಇದೇ ವಸ್ತು ಮಿಲ್ಕ್‌ಮೇಡ್ ಎಂಬ ಹೆಸರಿನಿಂದ ಪರಿಚಿತ.

ಬೇ ಏರಿಯಾದ ಹಾಲು ಮತ್ತು ಸಕ್ಕರೆ

ಬೇ ಏರಿಯಾ ಇಂದು ಕಂಪ್ಯೂಟರ್ ಉದ್ಯಮದಿಂದ ಹೆಸರಾಗಿದ್ದರೂ ಅದರ ಉತ್ತರದ ಮಾರಿನ್ ಮತ್ತು ಸೊನೋಮಾ ಕೌಂಟಿಗಳು ಹಳೆಯ ಹೈನಿನ ನಾಡು. ಚಿನ್ನದ ಭರಾಟೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಬೆಳೆದಾಗ, 1850ರ ದಶಕದ ಕೊನೆಯಿಂದ ಪಾಯಿಂಟ್ ರೇಯೆಸ್‌ನ ಹೈನು ತೋಟಗಳಿಂದ ಬೆಣ್ಣೆ ಹಾಯಿಹಡಗುಗಳಲ್ಲಿ ನಗರಕ್ಕೆ ಬರುತ್ತಿತ್ತು. ಕಡಲ ಮಂಜಿನ ತೇವದಿಂದ ಹುಲ್ಲು ಹೆಚ್ಚು ಕಾಲ ಹಸಿರಾಗಿರುವುದು ಆ ಪ್ರದೇಶದ ಅನುಕೂಲ. ಸ್ವಿಟ್ಜರ್ಲೆಂಡಿನ ಟಿಚಿನೊ ಪ್ರಾಂತ್ಯದವರೂ ಪೋರ್ಚುಗಲ್‌ನ ಅಜೋರ್ಸ್ ದ್ವೀಪದವರೂ ಅಲ್ಲಿ ಹೈನುಗಾರರಾಗಿ ನೆಲೆಸಿದರು. ಟೊಮಾಲೆಸ್ ಕೊಲ್ಲಿಯ ದಡದ ಮಾರ್ಷಲ್‌ನಲ್ಲಿ 1994ರಲ್ಲಿ ಆರಂಭವಾದ ಸ್ಟ್ರಾಸ್ ಫ್ಯಾಮಿಲಿ ಕ್ರೀಮರಿ ಗಾಜಿನ ಬಾಟಲಿಯಲ್ಲಿ ಕೆನೆ ಮೇಲೆ ಕಟ್ಟುವ ಹಾಲು ಮಾರುತ್ತದೆ. ಊರಿನಲ್ಲಿ ಹಾಲು ಕಾಯಿಸಿ ಕೆನೆ ತೆಗೆದ ನೆನಪಿರುವವರಿಗೆ ಇದು ಆಪ್ತವಾದ ಹಾಲು.

ಸಕ್ಕರೆಯೂ ಇಲ್ಲಿಯದೇ. ಕಾರ್ಕೀನೆಸ್ ಜಲಸಂಧಿಯ ದಡದ ಕ್ರಾಕೆಟ್‌ನಲ್ಲಿ ಸಿ ಅಂಡ್ ಎಚ್ ಸಕ್ಕರೆ ಶುದ್ಧೀಕರಣ ಕಾರ್ಖಾನೆ 1906ರಿಂದ ಇದೆ. ದಶಕಗಳ ಕಾಲ ಹವಾಯಿ ದ್ವೀಪಗಳ ಕಬ್ಬಿನ ಕಚ್ಚಾ ಸಕ್ಕರೆ ಹಡಗಿನಲ್ಲಿ ಬಂದು ಇಲ್ಲಿ ಬಿಳಿಯಾಗುತ್ತಿತ್ತು.

ಹಾಲಿನ ಸಿಹಿ ಮಾಡುವವರಿಗೆ ಕ್ಯಾಲಿಫೋರ್ನಿಯಾದ ಇನ್ನೊಂದು ಅನುಕೂಲವಿದೆ. ಅಮೆರಿಕದ ಕೇಂದ್ರ ನಿಯಮದಂತೆ ಹೋಲ್ ಮಿಲ್ಕ್‌ನಲ್ಲಿ ಕನಿಷ್ಠ ಶೇ. 3.25 ಕೊಬ್ಬು ಮತ್ತು ಶೇ. 8.25 ಕೊಬ್ಬೇತರ ಘನಾಂಶ ಇದ್ದರೆ ಸಾಕು. ಕ್ಯಾಲಿಫೋರ್ನಿಯಾದ ನಿಯಮ ಶೇ. 3.5 ಮತ್ತು ಶೇ. 8.7 ಕೇಳುತ್ತದೆ. ವ್ಯತ್ಯಾಸ ಅಲ್ಪವಾದರೂ ಎರಡು ಗಂಟೆ ಒಲೆಯ ಮುಂದೆ ನಿಲ್ಲುವವರಿಗೆ ಅದು ಲಾಭವೇ. ಎಮ್ಮೆ ಹಾಲು ಮಾತ್ರ ಇಲ್ಲಿ ಸುಲಭವಾಗಿ ಸಿಗುವುದಿಲ್ಲ. ಆ ಕೊರತೆಯನ್ನು ತುಂಬಲು ಭಾರತೀಯ ಮನೆಗಳಲ್ಲಿ ಹಾಲಿಗೆ ಹಾಫ್ ಅಂಡ್ ಹಾಫ್ ಎಂಬ ಹಾಲು-ಕೆನೆಯ ಬೆರಕೆಯನ್ನು ಅಥವಾ ಹೆವಿ ಕ್ರೀಮ್ ಬೆರೆಸುವುದುಂಟು.

ಬಣ್ಣ ಬರುವ ಬಗೆ

ಸಕ್ಕರೆ ತಾನಾಗಿ ಕ್ಯಾರಮೆಲ್ ಆಗಲು ಸುಮಾರು 160 ಡಿಗ್ರಿ ಸೆಲ್ಸಿಯಸ್ ಬೇಕು. ಕುದಿಯುವ ಹಾಲು ನೂರನ್ನು ಅಷ್ಟಿಷ್ಟು ದಾಟುತ್ತದೆಯೇ ಹೊರತು ಆ ಮಟ್ಟಕ್ಕೆ ಏರುವುದಿಲ್ಲ. ಪೂರ್ತಿ ಗಟ್ಟಿಯಾದ ಹಾಲಿನ ಪಾಕವೂ 105 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಹಾಗಿದ್ದೂ ಅದು ಕಂದಾಗುವುದಕ್ಕೆ ಕಾರಣ ಮೇಯಾರ್ ಕ್ರಿಯೆ. ಫ್ರಾನ್ಸಿನ ವಿಜ್ಞಾನಿ ಲೂಯಿ ಕಮಿಲ್ ಮೇಯಾರ್ 1912ರಲ್ಲಿ ಇದನ್ನು ವಿವರಿಸಿದ. ಹಾಲಿನಲ್ಲೇ ಇರುವ ಲ್ಯಾಕ್ಟೋಸ್ ಸಕ್ಕರೆಯು ಹಾಲಿನ ಪ್ರೋಟೀನಿನ ಲೈಸಿನ್ ಎಂಬ ಅಮೈನೋ ಆಮ್ಲದೊಂದಿಗೆ ಬಿಸಿಯಲ್ಲಿ ಕೂಡಿಕೊಂಡು ನೂರಾರು ಬಣ್ಣದ, ಪರಿಮಳದ ವಸ್ತುಗಳನ್ನು ಹುಟ್ಟಿಸುತ್ತದೆ. ದೋಸೆಯ ಹೊಂಬಣ್ಣ, ಹುರಿದ ಕಾಫಿ ಬೀಜದ ಘಮ, ತುಪ್ಪ ಕಾಯಿಸುವಾಗ ತಳದಲ್ಲಿ ಉಳಿಯುವ ಕಂದು ಗಸಿ, ಎಲ್ಲದರಲ್ಲೂ ಈ ಕ್ರಿಯೆಯ ಪಾಲಿದೆ.

ನಾವು ಹಾಕುವ ಬಿಳಿ ಸಕ್ಕರೆ, ಅಂದರೆ ಸುಕ್ರೋಸ್, ಮೇಯಾರ್ ಕ್ರಿಯೆಯಲ್ಲಿ ನೇರವಾಗಿ ಭಾಗವಹಿಸುವುದಿಲ್ಲ. ಅದು ಸಿಹಿ ಕೊಡುತ್ತದೆ, ಪಾಕಕ್ಕೆ ಮೈ ಕೊಡುತ್ತದೆ, ಕೆಡದಂತೆ ಕಾಯುತ್ತದೆ. ಬಣ್ಣವೂ ಪರಿಮಳವೂ ಹಾಲಿನವು. ಈ ಒಂದು ಮಾತು ತಿಳಿದರೆ ಉಳಿದ ಕ್ರಮವೆಲ್ಲ ಅರ್ಥವಾಗುತ್ತದೆ. ಬೇಗ ಬಣ್ಣ ಬರಲೆಂದು ಉರಿ ಏರಿಸಿದರೆ ತಳದ ಹಾಲು ಸೀದು ಕಮರು ವಾಸನೆ ಬರುತ್ತದೆ, ಮೇಲಿನ ಹಾಲು ಬಿಳಿಯಾಗಿಯೇ ಉಳಿಯುತ್ತದೆ. ಹಾಲಿಗೆ ಬೇಕಾದ ಹೊತ್ತನ್ನು ಕೊಡಲೇಬೇಕು.

ಚಿಟಿಕೆ ಅಡುಗೆ ಸೋಡಾ ಎರಡು ಕೆಲಸ ಮಾಡುತ್ತದೆ. ಹಾಲು ಇಂಗಿದಂತೆ ಅದರ ಹುಳಿಯೂ ಸಾಂದ್ರವಾಗಿ ಪ್ರೋಟೀನ್ ಒಡೆದು ಕಾಳುಗಟ್ಟಬಹುದು. ಸೋಡಾ ಹುಳಿಯನ್ನು ಅಡಗಿಸಿ ಪಾಕವನ್ನು ನುಣುಪಾಗಿರಿಸುತ್ತದೆ. ಕ್ಷಾರದಲ್ಲಿ ಮೇಯಾರ್ ಕ್ರಿಯೆ ಚುರುಕಾಗುವುದರಿಂದ ಬಣ್ಣವೂ ಬೇಗ ಏರುತ್ತದೆ. ಹೆಚ್ಚು ಹಾಕಿದರೆ ಸಾಬೂನಿನಂಥ ರುಚಿ ಬರುತ್ತದೆ.

ತೆರೆದ ಪಾತ್ರೆಯ ಕ್ರಮ

ಬೇ ಏರಿಯಾದ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಅಳತೆ ಅರ್ಧ ಗ್ಯಾಲನ್, ಅಂದರೆ ಸುಮಾರು 1.9 ಲೀಟರ್ ಹಾಲು. ಅದಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಸಕ್ಕರೆ ಮತ್ತು ಅರ್ಧ ಟೀ ಚಮಚಕ್ಕೆ ಮೀರದಷ್ಟು ಸೋಡಾ ಸಾಕು. ದಕ್ಷಿಣ ಅಮೆರಿಕದ ಮೆರ್ಕೊಸೂರ್ ದೇಶಗಳ ಮಾನದಂಡ 100 ಲೀಟರ್ ಹಾಲಿಗೆ 30 ಕೆಜಿಗಿಂತ ಹೆಚ್ಚು ಸಕ್ಕರೆ ಹಾಕಲು ಒಪ್ಪುವುದಿಲ್ಲ. ಸಿದ್ಧವಾದ ಪಾಕದಲ್ಲಿ ನೀರು ಶೇ. 30 ಮೀರಬಾರದು, ಹಾಲಿನ ಘನಾಂಶ ಶೇ. 24ಕ್ಕಿಂತ ಕಡಿಮೆಯಾಗಬಾರದು ಎಂದೂ ಅದು ಹೇಳುತ್ತದೆ. ಈ ಲೆಕ್ಕದಂತೆ ಮೇಲಿನ ಅಳತೆಯಿಂದ ಸುಮಾರು ಒಂದು ಕೆಜಿ ಪಾಕ ಬರುತ್ತದೆ. ಅಷ್ಟರೊಳಗೆ ಹೆಚ್ಚುಕಡಿಮೆ 1.4 ಲೀಟರ್ ನೀರು ಆವಿಯಾಗಿರಬೇಕು. ಇದಕ್ಕೆ ಒಂದೂವರೆಯಿಂದ ಎರಡೂವರೆ ಗಂಟೆ ಹಿಡಿಯುತ್ತದೆ. ಅಗಲ ಬಾಯಿಯ ಪಾತ್ರೆಯಾದರೆ ಹೊತ್ತು ಕಡಿಮೆ.

ದಪ್ಪ ತಳದ, ಕನಿಷ್ಠ ಐದು ಲೀಟರ್ ಹಿಡಿಯುವ ಪಾತ್ರೆ ಬೇಕು. ಹಾಲು, ಸಕ್ಕರೆ ಬೆರೆಸಿ ಕುದಿ ಬಂದ ಮೇಲೆ ಪಾತ್ರೆಯನ್ನು ಒಲೆಯಿಂದ ಸರಿಸಿ, ಒಂದು ಚಮಚ ನೀರಿನಲ್ಲಿ ಕದಡಿದ ಸೋಡಾ ಹಾಕಬೇಕು. ಆಗ ನೊರೆ ಭರ್ರೆಂದು ಏರುತ್ತದೆ. ನೊರೆ ಇಳಿದ ಮೇಲೆ ಮತ್ತೆ ಒಲೆಗಿಟ್ಟು ಸಣ್ಣಗೆ ಕುದಿಯುವಷ್ಟೇ ಉರಿ ಇಡಬೇಕು. ಗಾಜಿನ ಮೇಲ್ಮೈಯ ವಿದ್ಯುತ್ ಒಲೆ ಆರಿಸಿದ ಮೇಲೂ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಹಾಲು ಉಕ್ಕುವಾಗ ಗುಂಡಿ ತಿರುಗಿಸಿದರೆ ಸಾಲದು, ಪಾತ್ರೆಯನ್ನೇ ಎತ್ತಬೇಕು. ಇಂಡಕ್ಷನ್ ಒಲೆ ಹೇಳಿದ ಮಾತನ್ನು ತಕ್ಷಣ ಕೇಳುತ್ತದೆ. ಆದ್ದರಿಂದ ಈ ಕೆಲಸಕ್ಕೆ ಅದು ಒಳ್ಳೆಯದು.

ಮೊದಲ ಒಂದು ಗಂಟೆ ಐದು ನಿಮಿಷಕ್ಕೊಮ್ಮೆ ತಳ ಮುಟ್ಟುವಂತೆ ಕೈಯಾಡಿಸಿದರೆ ಸಾಕು. ಹಾಲು ಮೊದಲು ದಂತಬಣ್ಣಕ್ಕೆ, ಮತ್ತೆ ಚಹಾದ ಬಣ್ಣಕ್ಕೆ ತಿರುಗುತ್ತದೆ. ಕೊನೆಯ ಕಾಲು ಗಂಟೆಯಲ್ಲಿ ಎಲ್ಲವೂ ಬದಲಾಗುತ್ತದೆ. ಅಲ್ಲಿಯವರೆಗೆ ಸಣ್ಣ ನೊರೆಯಾಗಿ ಏಳುತ್ತಿದ್ದ ಗುಳ್ಳೆಗಳು ದೊಡ್ಡವಾಗಿ, ಹೊಳಪಾಗಿ, ಗಂಜಿ ಕುದಿಯುವ ಹಾಗೆ ಬುಳಕ್ ಬುಳಕ್ ಎಂದು ಒಡೆಯುತ್ತವೆ. ಸಟ್ಟುಗದಿಂದ ತಳ ಎಳೆದರೆ ಪಾತ್ರೆಯ ಲೋಹ ಒಂದು ಕ್ಷಣ ಕಂಡು ಮತ್ತೆ ಮುಚ್ಚಿಕೊಳ್ಳುತ್ತದೆ. ಆಗ ಕೈ ನಿಲ್ಲಿಸಬಾರದು. ಪಾಕ ಸಿಡಿಯುವುದರಿಂದ ತೋಳು ಮುಚ್ಚುವ ಬಟ್ಟೆ ಇದ್ದರೆ ಒಳಿತು.

ಹದ ನೋಡಲು ಫ್ರೀಜರಿನಲ್ಲಿಟ್ಟ ಸ್ಟೀಲ್ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ತಟ್ಟೆಯನ್ನು ಓರೆ ಮಾಡಬೇಕು. ಹನಿ ಸರಸರ ಹರಿದರೆ ಇನ್ನೂ ನೀರಿದೆ. ಸೋಮಾರಿಯಂತೆ ನಿಧಾನ ಇಳಿದರೆ ಸಾಸಿನ ಹದ. ಕದಲದೆ ಕುಳಿತರೆ ಬಳಿಯುವ ಹದ. ಆರಿದ ಮೇಲೆ ಪಾಕ ಇನ್ನಷ್ಟು ಗಟ್ಟಿಯಾಗುವುದರಿಂದ ಬೇಕಾದ್ದಕ್ಕಿಂತ ಸ್ವಲ್ಪ ಸಡಿಲವಿರುವಾಗಲೇ ಇಳಿಸಬೇಕು. ಇಳಿಸಿದ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು, ಆರುವವರೆಗೂ ಕದಡುತ್ತಿದ್ದರೆ ಮೇಲೆ ಕೆನೆ ಕಟ್ಟುವುದಿಲ್ಲ.

ಡಬ್ಬಿ, ಓವನ್ ಮತ್ತು ಕುಕ್ಕರ್

ಕಂಡೆನ್ಸ್ಡ್ ಮಿಲ್ಕ್‌ನಿಂದ ಮಾಡುವುದು ಸುಲಭದ ದಾರಿ. ಅಮೆರಿಕದ ಸಾಮಾನ್ಯ ಡಬ್ಬಿ 14 ಔನ್ಸ್, ಅಂದರೆ 397 ಗ್ರಾಂ. ತೆರೆಯದ ಡಬ್ಬಿಯನ್ನೇ ನೀರಿನಲ್ಲಿ ಮುಳುಗಿಸಿ ಎರಡು ಮೂರು ಗಂಟೆ ಕುದಿಸುವ ರೂಢಿ ಅನೇಕ ದೇಶಗಳಲ್ಲಿದೆ. ನೀರು ಇಂಗಿ ಡಬ್ಬಿ ಹೊರಗೆ ಕಂಡರೆ ಅದು ಸಿಡಿಯಬಹುದು. ಬಿಸಿಯಿರುವಾಗ ತೆರೆದರೂ ಒತ್ತಡಕ್ಕೆ ಪಾಕ ಚಿಮ್ಮಿ ಸುಡುತ್ತದೆ. ತಯಾರಕರು ಈ ಕ್ರಮ ಬೇಡವೆಂದೇ ಎಚ್ಚರಿಸುತ್ತಾರೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಬಿಡುವುದೇ ಸರಿ.

ಇದಕ್ಕಿಂತ ಕ್ಷೇಮವಾದ ಎರಡು ದಾರಿಗಳಿವೆ. ಒಂದು, ಡಬ್ಬಿಯ ಹಾಲನ್ನು ಗಾಜಿನ ಬೇಕಿಂಗ್ ತಟ್ಟೆಗೆ ಸುರಿದು, ಫಾಯಿಲ್ ಬಿಗಿದು, ಬಿಸಿನೀರಿನ ದೊಡ್ಡ ತಟ್ಟೆಯಲ್ಲಿಟ್ಟು 425 ಡಿಗ್ರಿ ಫ್ಯಾರನ್‌ಹೀಟ್ ಓವನ್ನಿನಲ್ಲಿ ಒಂದರಿಂದ ಒಂದೂವರೆ ಗಂಟೆ ಇಡುವುದು. ಇನ್ನೊಂದು, ಸ್ಟೀಲ್ ಬಟ್ಟಲಿಗೆ ಸುರಿದು ಮುಚ್ಚಿ ಪ್ರೆಶರ್ ಕುಕ್ಕರಿನಲ್ಲಿ ಇಡ್ಲಿ, ಕಡುಬಿನಂತೆ ಹಬೆಯಲ್ಲಿ ಸುಮಾರು ಮುಕ್ಕಾಲು ಗಂಟೆ ಬೇಯಿಸುವುದು. ಕುಕ್ಕರಿನಲ್ಲಿ ಉಷ್ಣತೆ 100 ಡಿಗ್ರಿ ಮೀರುವುದರಿಂದ ಬಣ್ಣ ಬೇಗ ಬರುತ್ತದೆ. ಆರಿದ ಮೇಲೆ ಗಂಟುಗಳಿದ್ದರೆ ಕಡಗೋಲಿನಿಂದ ಕಡೆದರೆ ನುಣುಪಾಗುತ್ತದೆ.

ತೆರೆದ ನೀರಿನಲ್ಲಿ ಬೇಯಿಸುವಾಗ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಬೇ ಏರಿಯಾದ ಊರುಗಳು ಬಹುಪಾಲು ಸಮುದ್ರಮಟ್ಟದಲ್ಲಿರುವುದರಿಂದ ನೀರು 100 ಡಿಗ್ರಿಗೆ ಕುದಿಯುತ್ತದೆ. ಬೆಂಗಳೂರಿನಲ್ಲಿ ಅದು ಸುಮಾರು 97 ಡಿಗ್ರಿ. ರಜೆಗೆ ಹೋಗುವ ಟಾಹೋ ಸರೋವರ ಸುಮಾರು 1,900 ಮೀಟರ್ ಎತ್ತರದಲ್ಲಿದ್ದು ಅಲ್ಲಿ 94ರ ಹತ್ತಿರ. ಎತ್ತರ ಹೆಚ್ಚಿದಂತೆ ಬಣ್ಣ ಬರಲು ಹೊತ್ತೂ ಹೆಚ್ಚು.

ಆಡಿನ ಹಾಲಿನ ಕಹೇತಾ

ಕಹೇತಾಗೆ ತೆರೆದ ಪಾತ್ರೆಯ ಕ್ರಮವೇ ಅನ್ವಯಿಸುತ್ತದೆ. ಮೆಕ್ಸಿಕೊದಲ್ಲಿ ಇದನ್ನು ತಾಮ್ರದ ದೊಡ್ಡ ಕಡಾಯಿಯಲ್ಲಿ ಮಾಡುವ ವಾಡಿಕೆ. ಆಡಿನ ಹಾಲಿನ ಕೊಬ್ಬಿನಲ್ಲಿ ಕ್ಯಾಪ್ರೊಯಿಕ್, ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಆಮ್ಲಗಳು ಹೆಚ್ಚು. ಲ್ಯಾಟಿನ್‌ನಲ್ಲಿ ಆಡಿಗೆ ಇರುವ ಹೆಸರೇ ಅವಕ್ಕೂ ಬಂದಿದೆ. ಅವುಗಳಿಂದ ಪಾಕಕ್ಕೆ ಬರುವ ಚುರುಕು ಅತಿ ಸಿಹಿಯನ್ನು ತಗ್ಗಿಸುತ್ತದೆ. ದಾಲ್ಚಿನ್ನಿ ಇಲ್ಲವೇ ವೆನಿಲಾ ಹಾಕುವುದು ರೂಢಿ. ಮೆಕ್ಸಿಕೊ 2010ರಲ್ಲಿ ಸ್ವಾತಂತ್ರ್ಯದ ಇನ್ನೂರನೇ ವರ್ಷ ಆಚರಿಸಿದಾಗ ಕಹೇತಾವನ್ನು ಆ ಸಂಭ್ರಮದ ಸಿಹಿಯಾಗಿ ಆರಿಸಲಾಯಿತು. ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಬಡಾವಣೆಯ 24ನೇ ಬೀದಿ 2014ರಲ್ಲಿ ಲ್ಯಾಟಿನೊ ಸಾಂಸ್ಕೃತಿಕ ವಲಯವೆಂದು ಮಾನ್ಯತೆ ಪಡೆದ ಪ್ರದೇಶ. ಅಲ್ಲಿಯ ದಿನಸಿ ಅಂಗಡಿಗಳಲ್ಲೂ ಓಕ್ಲೆಂಡಿನ ಫ್ರೂಟ್‌ವೇಲ್‌ನಲ್ಲೂ ಕಹೇತಾ ಸೀಸೆಗಳು ಸಿಗುತ್ತವೆ. ಮನೆಯಲ್ಲಿ ಮಾಡುವವರಿಗೆ ಆಡಿನ ಹಾಲು ಸಾಮಾನ್ಯ ಸೂಪರ್ ಮಾರ್ಕೆಟ್‌ಗಳಲ್ಲೇ ದೊರೆಯುತ್ತದೆ.

ದೋಷಗಳು ಮತ್ತು ಪರಿಹಾರ

ಮನೆಯ ಪಾಕದಲ್ಲಿ ಹೆಚ್ಚಾಗಿ ಕಾಣುವ ದೋಷ, ಕೆಲವು ದಿನಗಳ ಮೇಲೆ ನಾಲಿಗೆಗೆ ಮರಳು ತಾಕಿದಂತಾಗುವುದು. ಇದು ಸಕ್ಕರೆ ಕರಗದೆ ಉಳಿದದ್ದಲ್ಲ. ಕೋಣೆಯ ಉಷ್ಣತೆಯಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ, ಲ್ಯಾಕ್ಟೋಸನ್ನಾದರೆ ಸುಮಾರು 20 ಗ್ರಾಂ ಮಾತ್ರ. ಮೇಲಿನ ಅಳತೆಯ ಪಾಕದಲ್ಲಿ ಪ್ರತಿ 100 ಗ್ರಾಂ ನೀರಿಗೆ ಲ್ಯಾಕ್ಟೋಸ್ 30 ಗ್ರಾಂ ದಾಟುತ್ತದೆ. ಕರಗದೆ ಹೆಚ್ಚಾದ ಪಾಲು ಮೆಲ್ಲಗೆ ಹರಳುಗಟ್ಟುತ್ತದೆ. ಬೇಗ ಆರಿಸುವುದು, ಸಕ್ಕರೆಯ ಒಂದು ಪಾಲಿನ ಬದಲು ಕಾರ್ನ್ ಸಿರಪ್ ಹಾಕಿ ಪಾಕವನ್ನು ಮಂದವಾಗಿಸುವುದು ಸ್ವಲ್ಪ ನೆರವಾಗುತ್ತವೆ. ಲ್ಯಾಕ್ಟೋಸ್ ಒಡೆದು ಮಾರುವ ಹಾಲು ಬಳಸಿದರೆ ದೋಷವೇ ಬರುವುದಿಲ್ಲ. ಅದರಲ್ಲಿರುವ ಗ್ಲೂಕೋಸ್, ಗ್ಯಾಲಕ್ಟೋಸ್‌ಗಳಿಂದ ಬಣ್ಣವೂ ಬೇಗ ಬರುತ್ತದೆ. ಹಾಲು ಜೀರ್ಣವಾಗದವರಿಗೂ ಅದು ಅನುಕೂಲ.

ತಳ ಹಿಡಿದರೆ ಕೆರೆಯಬಾರದು. ಮೇಲಿನ ಪಾಕವನ್ನು ಮೆಲ್ಲನೆ ಬೇರೆ ಪಾತ್ರೆಗೆ ಬಗ್ಗಿಸಿ ಮುಂದುವರಿಸಬೇಕು. ಪಾಕ ಅತಿ ಗಟ್ಟಿಯಾದರೆ ಬಿಸಿ ಹಾಲು ಒಂದೊಂದೇ ಚಮಚ ಸೇರಿಸಿ ಕದಡಬಹುದು.

ಕನ್ನಡದ ಸಿಹಿಗಳೊಂದಿಗೆ ನಂಟು

ಧಾರವಾಡ ಪೇಡೆಯ ಕಂದು ಬಣ್ಣವೂ ಹಾಲಿನಿಂದಲೇ ಹುಟ್ಟಿದ್ದು. ಹತ್ತೊಂಬತ್ತನೇ ಶತಮಾನದಲ್ಲಿ ಉತ್ತರ ಪ್ರದೇಶದ ಉನ್ನಾವೊ ಕಡೆಯಿಂದ ಪ್ಲೇಗಿಗೆ ಊರು ಬಿಟ್ಟು ಬಂದ ಠಾಕೂರ್ ಮನೆತನ ಧಾರವಾಡದಲ್ಲಿ ಇದನ್ನು ಆರಂಭಿಸಿತು. ಲೈನ್ ಬಜಾರಿನ ಅಂಗಡಿಯಿಂದ ಹೆಸರಾದ ಈ ಪೇಡೆ ಇಂದು ಭೌಗೋಳಿಕ ಸೂಚಕ ಮಾನ್ಯತೆ ಪಡೆದಿದೆ. ಖೋವಾವನ್ನು ಸಕ್ಕರೆಯೊಂದಿಗೆ ಕಬ್ಬಿಣದ ಬಾಣಲೆಯಲ್ಲಿ ಕಂದಾಗುವವರೆಗೆ ಮಗುಚಿ ಮಗುಚಿ ಹುರಿಯುವುದು ಅದರ ಜೀವಾಳ. ಡುಲ್ಸೆ ದೆ ಲೆಚೆ ಒದ್ದೆಯಿರುವಾಗಲೇ ನಿಲ್ಲುತ್ತದೆ, ಪೇಡೆ ಒಣಗುವವರೆಗೆ ಸಾಗುತ್ತದೆ. ಎರಡರಲ್ಲೂ ನಡೆಯುವುದು ಅದೇ ಕ್ರಿಯೆ.

ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ ಆರಂಭವಾದದ್ದು 1973ರಲ್ಲಿ. ಆ ಕಾಲದಿಂದ ಇಂದಿನ ಫ್ರೀಮಾಂಟ್, ಸನಿವೇಲ್, ಮಿಲ್ಪಿಟಾಸ್‌ಗಳ ಮನೆಗಳವರೆಗೆ ಅಮೆರಿಕದ ಕನ್ನಡಿಗರು ಖೋವಾಕ್ಕೆ ಬದಲಿಗಳನ್ನು ಕಂಡುಕೊಂಡಿದ್ದಾರೆ. ಕಂಡೆನ್ಸ್ಡ್ ಮಿಲ್ಕ್ ಮತ್ತು ಹಾಲಿನ ಪುಡಿ ಕೂಡಿಸಿದ ಪೇಡೆ, ರಿಕೋಟಾ ಚೀಸಿನ ಕಲಾಕಂದ್ ಇವೆಲ್ಲ ಹೀಗೆ ಬಂದವು. ಆದರೆ ಹಾಲಿನ ಪುಡಿಯ ಪೇಡೆ ಬಿಳಿಚಿಕೊಂಡಿರುತ್ತದೆ, ಅದರಲ್ಲಿ ಧಾರವಾಡದ ಹುರಿದ ಪರಿಮಳ ಇರುವುದಿಲ್ಲ. ಬಿಳಿಯ ಕಂಡೆನ್ಸ್ಡ್ ಮಿಲ್ಕ್‌ನ ಬದಲು ಕಂದಾಗಿಸಿದ ಒಂದು ಡಬ್ಬಿ ಪಾಕಕ್ಕೆ ಎರಡು ಚಮಚ ತುಪ್ಪ, ಹಿಡಿಯುವಷ್ಟು ಹಾಲಿನ ಪುಡಿ ಸೇರಿಸಿ, ಬಾಣಲೆ ಬಿಡುವವರೆಗೆ ಮಗುಚಿ, ಏಲಕ್ಕಿ ಹಾಕಿ, ಉಂಡೆ ಕಟ್ಟಿ ಸಕ್ಕರೆ ಪುಡಿಯಲ್ಲಿ ಹೊರಳಿಸಿದರೆ ಆ ಪರಿಮಳದ ಹತ್ತಿರಕ್ಕೆ ಬರಬಹುದು. ಖೋವಾದ ಕಾಳುಕಾಳಾದ ಮೈ ಬೇಕೆಂದರೆ ಸ್ವಲ್ಪ ರಿಕೋಟಾ ಹುರಿದು ಸೇರಿಸಬೇಕು.

ಶೇಖರಣೆ

ಆರಿದ ಪಾಕವನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಜಾಡಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ವಾರ ಬಾಳುತ್ತದೆ. ಒಣ ಚಮಚವನ್ನೇ ಬಳಸಬೇಕು. ಉಪ್ಪಿನಕಾಯಿ, ಜಾಮ್‌ಗಳಂತೆ ಜಾಡಿ ಮುಚ್ಚಿ ಕುದಿಸಿ ಹೊರಗೆ ಕಪಾಟಿನಲ್ಲಿಡುವುದು ತರವಲ್ಲ. ಹುಳಿಯಿಲ್ಲದ ಹಾಲಿನ ಪದಾರ್ಥದಲ್ಲಿ ಗಾಳಿಯಾಡದ ಕಡೆ ಬೊಟುಲಿಸಂ ಉಂಟುಮಾಡುವ ಸೂಕ್ಷ್ಮಜೀವಿ ಬೆಳೆಯುವ ಅಪಾಯವಿರುವುದರಿಂದ ಹಾಲಿನ ಪದಾರ್ಥಗಳನ್ನು ಮನೆಯಲ್ಲಿ ಹಾಗೆ ಡಬ್ಬೀಕರಿಸುವುದು ಸುರಕ್ಷಿತವಲ್ಲ.

ಕುಂದ ಮತ್ತು ಕಹೇತಾ

ಬೆಳಗಾವಿ ಕುಂದವನ್ನು ಕಹೇತಾದ ಪಕ್ಕದಲ್ಲಿಟ್ಟು ನೋಡಿದರೆ ಹಾಲಿನ ಗುಣ ಇನ್ನೂ ಸ್ಪಷ್ಟವಾಗುತ್ತದೆ. ಕುಂದ ಮಾಡುವವರು ಇಂಗುತ್ತಿರುವ ಹಾಲಿಗೆ ಬೇಕೆಂದೇ ಮೊಸರು ಹಾಕುತ್ತಾರೆ. ಹುಳಿಗೆ ಹಾಲು ಒಡೆದು ಕಾಳುಗಟ್ಟುತ್ತದೆ, ಆ ಕಾಳುಗಳೇ ಸಕ್ಕರೆಯೊಂದಿಗೆ ಕಂದಾಗುತ್ತವೆ. ಕಹೇತಾ ಮಾಡುವವರು ಅದೇ ಕಾಳುಗಟ್ಟುವಿಕೆಯನ್ನು ತಡೆಯಲು ಸೋಡಾ ಹಾಕುತ್ತಾರೆ. ಒಬ್ಬರಿಗೆ ಬೇಕಾದ್ದು ಕಾಳು, ಇನ್ನೊಬ್ಬರಿಗೆ ನುಣುಪು. ಅರ್ಧ ಗ್ಯಾಲನ್ ಹಾಲು ಒಲೆಗಿಟ್ಟ ಬೇ ಏರಿಯಾದ ಮನೆಯಲ್ಲಿ ಎರಡೂ ಸಾಧ್ಯ. ಮೊಸರಿನ ಚಮಚ ಕೈಗೆ ತೆಗೆದುಕೊಂಡರೆ ಬೆಳಗಾವಿ, ಸೋಡಾದ ಚಿಟಿಕೆಯಾದರೆ ಸೆಲಾಯಾ. ಯಾವುದನ್ನು ಆರಿಸಿದರೂ ಕೊನೆಯ ಕಾಲು ಗಂಟೆ ಒಲೆಯ ಮುಂದಿನಿಂದ ಕದಲುವಂತಿಲ್ಲ.